ತುಂಬಿದ ಮೇಲೆ ಖಾಲಿ ಮಾಡೋರು ಯಾರು?

ಮಾನ್ಯ ಸಂಪಾದಕರೇ,

ಗಾಳಿಯಿಂದ ನೀರು ತೆಗೆಯುವ ಪುಡಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಅರ್ಧ ಪುಟದ ಲೇಖನ ಓದಿದೆ. ಚೆನ್ನಾಗಿತ್ತು. ಚಿತ್ರವೂ ಚೆನ್ನಾಗಿತ್ತು. ಆದರೆ ಕೊನೆಗೆ ಬರುವ ಹೊತ್ತಿಗೆ ಬರೆದವರಿಗೆ ಹುಮ್ಮಸ್ಸು ಸ್ವಲ್ಪ ಜಾಸ್ತಿನೇ ಆಗಿಬಿಟ್ಟಿದೆ. ಕೋಲಾರ, ಚಿಕ್ಕಬಳ್ಳಾಪುರದ ನೀರಿನ ಗೋಳು ಇನ್ನೇನು ಮುಗಿದೇ ಹೋಯಿತು ಅನ್ನುವ ಹಾಗೆ ಬರೆದಿದ್ದಾರೆ. ಅವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಿದ್ದೆ, ನಮ್ಮ ಬೀದಿಯ ಮೂವರು ಪೇಪರ್ ಹಿಡಿದುಕೊಂಡು ಮನೆಗೇ ಬಂದರು. "ಮೇಷ್ಟ್ರೇ, ಈ ಪುಡಿ ಎಲ್ಲಿ ಸಿಗುತ್ತೆ, ಕೆಜಿಗೆ ಎಷ್ಟಂತೆ?" ಅಂತ. ನಾನು ಚಿಂತಾಮಣಿ ತಾಲ್ಲೂಕಿನವನು, ಮೂವತ್ತೊಂದು ವರ್ಷ ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿ ನಿವೃತ್ತನಾದವನು. ಅವರಿಗೆ ಜಗುಲಿ ಮೇಲೆ ಕೂತು ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಉದ್ದವಾಗಿದೆ, ಗೊತ್ತು. ಕತ್ತರಿ ಹಾಕಲೇಬೇಕು ಅಂದರೆ ಲೆಕ್ಕಗಳನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆ ಹಾಕಿ.

ಮೊದಲೇ ಹೇಳಿಬಿಡುತ್ತೇನೆ, ಆ ಪುಡಿ ಸುಳ್ಳಲ್ಲ. 2025ರ ಅಕ್ಟೋಬರ್ 8ರಂದು ಕೆಮಿಸ್ಟ್ರಿ ನೊಬೆಲ್ ಬಂದದ್ದೇ ಆ ಜಾತಿಯ ವಸ್ತುಗಳಿಗೆ. ಜಪಾನಿನ ಕ್ಯೋಟೋದ ಸುಸುಮು ಕಿತಾಗಾವಾ, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್, ಅಮೆರಿಕದ ಬರ್ಕ್ಲಿಯ ಒಮರ್ ಯಾಘಿ, ಈ ಮೂವರಿಗೆ. ಇದರಲ್ಲಿ ಯಾಘಿಯ ಕತೆ ನಮ್ಮ ಕಡೆಯವರಿಗೆ ಬೇಗ ತಟ್ಟುತ್ತದೆ. ಪ್ಯಾಲೆಸ್ಟೀನ್ ಬಿಟ್ಟು ಬಂದ ನಿರಾಶ್ರಿತರ ಮಗ, ಜೋರ್ಡಾನಿನ ಅಮ್ಮಾನ್‌ನಲ್ಲಿ 1965ರಲ್ಲಿ ಹುಟ್ಟಿದವರು. ಒಂದೇ ಕೋಣೆಯಲ್ಲಿ ಮನೆ ಮಂದಿಯೆಲ್ಲ, ಜೊತೆಗೆ ದನಗಳು. ಕರೆಂಟಿಲ್ಲ. ನೀರು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಅದೂ ಕೆಲವೇ ಗಂಟೆ. ನೀರು ಬಂತು ಅಂದರೆ ಹುಡುಗ ಓಡಿಹೋಗಿ ಸಿಕ್ಕ ಸಿಕ್ಕ ಪಾತ್ರೆಗೆಲ್ಲ ತುಂಬಿಡಬೇಕಿತ್ತಂತೆ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಹತ್ತು ವರ್ಷದವನಿದ್ದಾಗ ಶಾಲೆಯ ಲೈಬ್ರರಿಗೆ ನುಗ್ಗಿ ಒಂದು ಪುಸ್ತಕದಲ್ಲಿ ಅಣುಗಳ ಚಿತ್ರ ನೋಡಿ ಮರುಳಾದವರು, ಹದಿನೈದಕ್ಕೆ ಅಮೆರಿಕಕ್ಕೆ ಹೋಗಿ, ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುವ, ನೆಲ ಒರೆಸುವ ಕೆಲಸ ಮಾಡಿಕೊಂಡು ಓದಿದವರು. ಅಂಥವರು ದೊಡ್ಡವರಾದ ಮೇಲೆ ಗಾಳಿಯಿಂದ ನೀರು ಹಿಂಡುವ ಕೆಲಸಕ್ಕೆ ಕೈ ಹಾಕಿದರು ಅಂದರೆ ಅದು ಸುಮ್ನೆ ಅಲ್ಲ.

ಅವರು ಮಾಡಿದ್ದೇನು? ಕಟ್ಟಡ ಕಟ್ಟುವಾಗ ಸುತ್ತ ಸಾರುವೆ ಕಟ್ಟುತ್ತಾರಲ್ಲ, ಸರ್ವೆ ಮರ ಅಡ್ಡ ಉದ್ದ ನಿಲ್ಲಿಸಿ, ಸೇರಿದ ಕಡೆಯೆಲ್ಲ ಹಗ್ಗ ಬಿಗಿದು. ಒಳಗೆಲ್ಲ ಖಾಲಿ, ಆದರೆ ಗಟ್ಟಿಯಾಗಿ ನಿಂತಿರುತ್ತದೆ. ಅದನ್ನು ಅಣುಗಳಲ್ಲಿ ಕಟ್ಟಿದ್ದಾರೆ ಅಂದುಕೊಳ್ಳಿ. ಆ ಖಾಲಿ ತೂತುಗಳ ಗೋಡೆಗೆ ಗಾಳಿಯಲ್ಲಿರುವ ನೀರಾವಿಯಂಥದ್ದು ಬಂದು ಅಂಟಿಕೊಳ್ಳುತ್ತದೆ. ಹಗ್ಗದ ಗಂಟು ಇರುವಲ್ಲಿ ಲೋಹ, ಸರ್ವೆ ಮರ ಇರುವಲ್ಲಿ ಇಂಗಾಲದ ಅಣು. ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್ ಅಂತ ಹೆಸರು, ಚಿಕ್ಕದಾಗಿ ಮಾಫ್. ಸಾಲ ಮಾಫಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಯಾಘಿ 1999ರಲ್ಲಿ ಪ್ರಕಟಿಸಿದ ಮಾಫ್-5 ಅನ್ನುವುದರಲ್ಲಿ ಗಂಟಿನ ಜಾಗದಲ್ಲಿ ಸತು ಇದೆ, ಮರದ ಜಾಗದಲ್ಲಿ ಟೆರೆಫ್ತಾಲಿಕ್ ಆಮ್ಲ. ನಾವು ನೀರು ಕುಡಿದು ಎಸೆಯುವ ಪ್ಲಾಸ್ಟಿಕ್ ಬಾಟಲಿ ಮಾಡುವುದಕ್ಕೂ ಇದೇ ಆಮ್ಲ ಬೇಕು.

ಇಂಥ ಪುಡಿಯೊಳಗಿನ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಎಷ್ಟು ಜಾಗ ಬೇಕು ಅಂತ ಕೇಳಿದರೆ ನಗು ಬರುತ್ತದೆ. ನಿಮ್ಮ ಲೇಖನದಲ್ಲಿ ಫುಟ್‌ಬಾಲ್ ಮೈದಾನ ಅಂದಿದ್ದೀರಿ. ನಮ್ಮೂರಲ್ಲಿ ಫುಟ್‌ಬಾಲ್ ಮೈದಾನ ಇಲ್ಲ, ಗುಂಟೆ ಲೆಕ್ಕದಲ್ಲೇ ಹೇಳುತ್ತೇನೆ. ಒಳ್ಳೆಯ ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ಒಂದು ಗ್ರಾಮಿಗೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ. ಮಾಫ್-5ಕ್ಕೆ ಸುಮಾರು 2900, ಅಂದರೆ ಇಪ್ಪತ್ತೊಂಬತ್ತು ಗುಂಟೆ. 2012ರ ಹೊತ್ತಿಗೆ 7000 ದಾಟಿದ ಪುಡಿಯೂ ಬಂತು. ಒಂದು ಚಿಟಿಕೆ ಪುಡಿಯಲ್ಲಿ ಒಂದು ಮುಕ್ಕಾಲು ಎಕರೆ! ನಮ್ಮಲ್ಲಿ ಅಣ್ಣತಮ್ಮಂದಿರು ಅಷ್ಟು ಜಮೀನಿಗೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ.

ರಾಬ್ಸನ್ ವಿಷಯ ನಿಮ್ಮ ಲೇಖನದಲ್ಲಿ ಒಂದೇ ಸಾಲು ಇತ್ತು, ಅದು ನನಗೆ ಬೇಜಾರಾಯಿತು. ಅವರು 1974ರಲ್ಲಿ ಮೆಲ್ಬರ್ನ್‌ನಲ್ಲಿ ಪಾಠಕ್ಕೆ ಅಂತ ಮರದ ಗುಂಡುಗಳಿಗೆ ತೂತು ಕೊರೆಸಿ, ಕಡ್ಡಿ ಚುಚ್ಚಿ ಅಣುಗಳ ಮಾದರಿ ಮಾಡುತ್ತಿದ್ದರು. ತೂತು ಸರಿಯಾದ ಜಾಗದಲ್ಲಿದ್ದರೆ ಕಡ್ಡಿ ಸಿಕ್ಕಿಸುತ್ತಾ ಹೋದ ಹಾಗೆ ಇಡೀ ಮಾದರಿ ತಾನೇ ಸರಿಯಾದ ಆಕಾರಕ್ಕೆ ಬರುತ್ತದಲ್ಲ ಅಂತ ಆಗ ಹೊಳೆಯಿತು. ಅದನ್ನು ನಿಜವಾದ ಅಣುಗಳಲ್ಲಿ ಮಾಡಿ ತೋರಿಸಿದ್ದು 1989ರಲ್ಲಿ. ನಾನೂ ಜೇಡಿಮಣ್ಣಿನ ಉಂಡೆಗೆ ಪೊರಕೆ ಕಡ್ಡಿ ಚುಚ್ಚಿ ವರ್ಷಾ ವರ್ಷಾ ಅದೇ ಆಟ ಆಡಿದವನು. ನನಗೇನೂ ಹೊಳೆಯಲಿಲ್ಲ ಅನ್ನಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ತೂತಿರುವ ವಸ್ತು ಏನನ್ನೋ ಹಿಡಿಯುತ್ತದೆ ಅನ್ನುವುದು ಅರ್ಧ ಸುದ್ದಿ. ತೂತು ಎಷ್ಟೇ ಇರಲಿ, ಒಂದಲ್ಲ ಒಂದು ಹೊತ್ತಿಗೆ ತುಂಬುತ್ತದೆ. ತುಂಬಿದ ಮೇಲೆ ಅದು ಬರೀ ಭಾರ. ಅದನ್ನು ಖಾಲಿ ಮಾಡುವುದು ಹೇಗೆ, ಅದಕ್ಕೆ ಎಷ್ಟು ಶಾಖ ಬೇಕು, ಎಷ್ಟು ಸಲ ಖಾಲಿ ಮಾಡಿದರೂ ಪುಡಿ ಹಾಗೇ ಇರುತ್ತದೆ, ಒಳಗಿಂದ ಬಂದದ್ದನ್ನು ಎಲ್ಲಿ ಇಡಬೇಕು? ಈ ವಿಜ್ಞಾನದ ಮುಕ್ಕಾಲು ಪಾಲು ಕಷ್ಟ ಇರುವುದು ಇಲ್ಲೇ. ಲೇಖನದಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

2021ರ ಮೇ ತಿಂಗಳು ನೆನಪಿದೆಯಲ್ಲ. ನಮ್ಮ ಭಾವನವರಿಗೆ ಕೊರೋನಾ ಬಂದು ಮನೆಯಲ್ಲೇ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇಟ್ಟಿದ್ದೆವು. ಕೆಲವು ಸೆಕೆಂಡಿಗೊಮ್ಮೆ ಪುಸ್ಸ್ ಅಂತ ಉಸಿರು ಬಿಡುತ್ತಿತ್ತು. ರಾತ್ರಿಯೆಲ್ಲ ಆ ಸದ್ದು ಕೇಳುತ್ತಾ ಕೂತಿರುತ್ತಿದ್ದೆ, ನಿಂತರೆ ಎದೆ ಧಸಕ್ ಅನ್ನುತ್ತಿತ್ತು. ಅದರೊಳಗೆ ಇರುವುದೂ ತೂತಿನ ವಸ್ತುವೇ, ಜಿಯೋಲೈಟ್. ಒತ್ತಡದಲ್ಲಿ ಗಾಳಿ ನುಗ್ಗಿಸಿದರೆ ನೈಟ್ರೋಜನ್ ಅನ್ನು ಹಿಡಿದಿಟ್ಟುಕೊಂಡು ಆಕ್ಸಿಜನ್ ಅನ್ನು ಮುಂದಕ್ಕೆ ಬಿಡುತ್ತದೆ. ಒತ್ತಡ ಇಳಿಸಿದ ಕೂಡಲೇ ಹಿಡಿದ ನೈಟ್ರೋಜನ್ ಹೊರಗೆ. ಆ ಪುಸ್ಸ್ ಅನ್ನುವುದೇ ಅದು ಖಾಲಿಯಾಗುವ ಸದ್ದು. ಖಾಲಿ ಆಗದಿದ್ದರೆ ಆ ಪೆಟ್ಟಿಗೆ ಒಂದು ನಿಮಿಷವೂ ಕೆಲಸಕ್ಕೆ ಬರುತ್ತಿರಲಿಲ್ಲ.

ಇನ್ನು ಖಾಲಿ ಆಗದೇ ಹೋದದ್ದರ ಕತೆ. ಇದು ನಾನೇ ಕಣ್ಣಾರೆ ಕಂಡದ್ದು, ಅಷ್ಟೇ ಅಲ್ಲ, ಕೈಯನ್ನೂ ಸುಟ್ಟುಕೊಂಡದ್ದು.

ನಮ್ಮ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತ ನಿಮ್ಮ ಪತ್ರಿಕೆಯೇ ಎಷ್ಟೋ ಸಲ ಬರೆದಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನ ಕ್ಲಾಸಿನಲ್ಲಿ ಒಂದು ಹುಡುಗಿ ಇದ್ದಳು, ನಗು ಬಂದರೆ ನೋಟ್‌ಬುಕ್ ಎತ್ತಿ ಬಾಯಿ ಮುಚ್ಚಿಕೊಂಡೇ ನಗೋಳು. ಆ ಹುಡುಗಿಯ ಊರಿಗೆ ಹದಿನೈದು ವರ್ಷದ ಹಿಂದೆ ಒಂದು ಫಿಲ್ಟರ್ ಬಂತು. ದೇವಸ್ಥಾನದ ಪಕ್ಕ ಆಳೆತ್ತರದ ಹಸಿರು ಸಿಲಿಂಡರ್, ಅದರ ತುಂಬ ಆಕ್ಟಿವೇಟೆಡ್ ಅಲ್ಯುಮಿನಾ. ನೋಡಲು ಥೇಟ್ ಸಬ್ಬಕ್ಕಿ. ಕೈಗೆ ತೆಗೆದುಕೊಂಡರೆ ಒಣಒಣ, ನಾಲಿಗೆ ತುದಿಗೆ ಇಟ್ಟರೆ ಅಂಟಿಕೊಳ್ಳುತ್ತೆ. (ಇಡಬೇಡಿ, ನಾನು ಇಟ್ಟದ್ದು ತಪ್ಪು.) ಆ ಕಾಳುಗಳಲ್ಲೂ ಕಣ್ಣಿಗೆ ಕಾಣದ ತೂತುಗಳು, ಅವುಗಳ ಗೋಡೆಗೆ ಫ್ಲೋರೈಡ್ ಅಂಟಿಕೊಳ್ಳುತ್ತದೆ.

ಉದ್ಘಾಟನೆಗೆ ನಾನೂ ಹೋಗಿದ್ದೆ. ಹಾರ, ಭಾಷಣ, ಕೇಸರಿಬಾತು ಎಲ್ಲ ಆಯಿತು. ಆಮೇಲೆ ಹುಡುಗರ ಕೈಗೆ ಟೆಸ್ಟ್ ಕಿಟ್ ಕೊಟ್ಟೆ. ಗುಲಾಬಿ ಬಣ್ಣದ ದ್ರಾವಣ, ಅದಕ್ಕೆ ನೀರು ಬೆರೆಸಬೇಕು. ಫ್ಲೋರೈಡ್ ಇಲ್ಲದಿದ್ದರೆ ಬಣ್ಣ ಗುಲಾಬಿಯಾಗೇ ಇರುತ್ತದೆ, ಜಾಸ್ತಿ ಇದ್ದಷ್ಟೂ ಹಳದಿಗೆ ತಿರುಗುತ್ತದೆ. ಬೋರ್‌ವೆಲ್ ನೀರು ಹಾಕಿದೆವು, ಹಳದಿ. ಫಿಲ್ಟರ್ ನೀರು ಹಾಕಿದೆವು, ಗುಲಾಬಿ. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮುಂದಿನ ವರ್ಷದ ಹುಡುಗರನ್ನು ಕರೆದುಕೊಂಡು ಹೋದಾಗ ಎರಡೂ ಹಳದಿ. ಊರವರು ಮಾತ್ರ ನಂಬಿಕೆಯಿಂದ ಅದೇ ನಲ್ಲಿಯಿಂದ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಕಾಳು ತುಂಬಿಹೋಗಿತ್ತು, ಅಷ್ಟೇ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮೇಲೆ ತೆಳು ಆಸಿಡ್‌ನಲ್ಲಿ ತೊಳೆದರೆ ಮತ್ತೆ ಕೆಲಸ ಮಾಡುತ್ತದೆ. ಕೂಡಿಸಿದವರಿಗೆ ಫೋನ್ ಮಾಡಿದರೆ, ಅದು ನಮ್ಮ ಕೆಲಸ ಅಲ್ಲ, ಒಪ್ಪಂದದಲ್ಲಿ ಇಲ್ಲ ಅಂದರು. ಹಣ ಕೊಟ್ಟ ಕಚೇರಿಯನ್ನು ಕೇಳಿದರೆ, ಉದ್ಘಾಟನೆ ಆದ ಮೇಲೆ ಫೈಲ್ ಕ್ಲೋಸ್ ಆಯ್ತಲ್ಲ ಸಾರ್ ಅಂದರು. ಸರಿ, ನಾವೇ ಮಾಡೋಣ ಅಂತ ಒಂದು ಶನಿವಾರ ಆರು ಜನ ಹುಡುಗರನ್ನು ಕಟ್ಟಿಕೊಂಡು ಹೋದೆ. ಕನ್ನಡಕ, ಗ್ಲೌಸ್ ಎಲ್ಲ ಹಾಕಿಸಿದ್ದೆ, ನಾನೇ ಒಂದು ಕೈಗೆ ಹಾಕಿಕೊಳ್ಳಲಿಲ್ಲ. ಬಲಗೈ ಹೆಬ್ಬೆರಳ ಬುಡದಲ್ಲಿ ಕಲೆ ಇನ್ನೂ ಇದೆ.

ತೊಳೆದದ್ದಾಯಿತು. ಆಮೇಲೆ ಬಕೆಟ್ ಹಿಡಿದುಕೊಂಡು ನಿಂತೆ. ಊರಿನವರ ಹೊಟ್ಟೆಗೆ ಹೋಗದಿರಲಿ ಅಂತ ವರ್ಷವಿಡೀ ಹಿಡಿದಿಟ್ಟ ಫ್ಲೋರೈಡ್ ಎಲ್ಲ ಈಗ ನಾಲ್ಕು ಬಕೆಟ್‌ನಲ್ಲಿತ್ತು. ಎಲ್ಲಿಗೆ ಚೆಲ್ಲೋದು? ಮೋರಿಗೆ ಚೆಲ್ಲಿದರೆ ಕೆರೆಗೆ ಹೋಗುತ್ತೆ, ನೆಲಕ್ಕೆ ಚೆಲ್ಲಿದರೆ ಅದೇ ಬೋರ್‌ವೆಲ್‌ಗೆ ವಾಪಸ್. ಪೂಜಾರಪ್ಪ ಬಂದು "ಯಾಕೆ ಮೇಷ್ಟ್ರೇ, ಬಕೆಟ್ ಹಿಡ್ಕೊಂಡು ಹಂಗೆ ನಿಂತಿದ್ದೀರಿ?" ಅಂತ ಕೇಳಿದರು, ಏನು ಹೇಳಬೇಕು ತಿಳಿಯಲಿಲ್ಲ. ಕೊನೆಗೆ ಸುಣ್ಣ ಹಾಕಿ ಕದಡಿದೆವು, ಬಿಳಿ ಗಸಿ ತಳಕ್ಕೆ ಕೂತಿತು. ಆ ಗಸಿಯನ್ನು ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ ಕಾಲೇಜಿನ ಲ್ಯಾಬ್ ಹಿಂದೆ ಇಟ್ಟೆ. ನಾನು ನಿವೃತ್ತಿಯಾದ ದಿನವೂ ಡ್ರಮ್ ಅಲ್ಲೇ ಇತ್ತು. ಫಿಲ್ಟರ್ ಮತ್ತೊಂದು ವರ್ಷ ನಡೆಯಿತು, ಆಮೇಲೆ ತೊಳೆಯುವವರಿಲ್ಲದೆ ನಿಂತುಹೋಯಿತು.

ಹಾಗಾಗಿ ಯಾರಾದರೂ ಹೊಸ ಪುಡಿ ತೋರಿಸಿ ಇದು ಅದನ್ನು ಹಿಡಿಯುತ್ತೆ, ಇದನ್ನು ಹಿಡಿಯುತ್ತೆ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ನಾಲ್ಕು ಬಕೆಟ್.

ಗಾಳಿಯಿಂದ ನೀರಿನ ಲೆಕ್ಕಕ್ಕೆ ಬನ್ನಿ. ಹತ್ತಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದು ಕೋಣೆ ತಗೊಳ್ಳಿ. ಸೆಖೆ 25 ಡಿಗ್ರಿ, ತೇವಾಂಶ ಶೇ. 40 ಇದ್ದರೆ ಆ ಕೋಣೆಯ ಗಾಳಿಯಲ್ಲಿರುವ ನೀರೆಲ್ಲ ಸೇರಿ ಸುಮಾರು 260 ಗ್ರಾಂ. ಒಂದು ದೊಡ್ಡ ಲೋಟ. 20 ಲೀಟರಿನ ಒಂದು ಕ್ಯಾನ್ ತುಂಬಬೇಕಾದರೆ ಇಂಥ ಎಪ್ಪತ್ತೇಳು ಕೋಣೆಗಳ ಗಾಳಿಯಿಂದ ಒಂದು ಹನಿಯೂ ಬಿಡದೆ ಹಿಂಡಬೇಕು. ಅಷ್ಟು ಗಾಳಿಯನ್ನು ಪುಡಿಯ ಮೇಲೆ ಹಾಯಿಸಬೇಕು. ಹಿಡಿದ ನೀರನ್ನು ಬಿಡಿಸಲು ಕಾಯಿಸಬೇಕು. ನೀರನ್ನು ಆವಿ ಮಾಡುವುದಕ್ಕೇ ಲೀಟರಿಗೆ ಸುಮಾರು 0.68 ಯೂನಿಟ್ ಶಾಖ ಬೇಕು, 20 ಲೀಟರಿಗೆ ಹದಿಮೂರೂವರೆ ಯೂನಿಟ್ ಆಯಿತು. ಬಿಸಿಲಲ್ಲಿ ಕಾಯಿಸಿದರೆ ಬಿಲ್ ಬರುವುದಿಲ್ಲ, ನಿಜ. ಆದರೆ ಬಿಸಿಲು ದಿನಕ್ಕೆ ಒಂದೇ ಸಲ ಬರುವುದು.

ಇಲ್ಲೇ ಯಾಘಿಯವರ ತಂಡದ ಕೆಲಸ ಸ್ವಾರಸ್ಯವಾಗಿರುವುದು. 2017ರಲ್ಲಿ ಅಮೆರಿಕದ ಎಂಐಟಿಯವರ ಜೊತೆ ಸೇರಿ ಮಾಫ್-801ರ ಬಗ್ಗೆ ಬರೆದಾಗ ಒಂದು ಕೆಜಿ ಪುಡಿಯಿಂದ ದಿನಕ್ಕೆ 2.8 ಲೀಟರ್ ತೆಗೆಯಬಹುದು ಅಂದಿದ್ದರು. ಅದು ಲೆಕ್ಕದ ಮಾತು. ಅದೇ ಪುಡಿಯನ್ನು ಅರಿಜೋನಾ ಮರುಭೂಮಿಗೆ ಒಯ್ದು, ರಾತ್ರಿ ಗಾಳಿಗೆ ಇಟ್ಟು ಹಗಲು ಬಿಸಿಲಲ್ಲಿ ಕಾಯಿಸಿದಾಗ ಕೆಜಿಗೆ ದಿನಕ್ಕೆ ಸಿಕ್ಕಿದ್ದು 100 ಗ್ರಾಂ ನೀರು. ಅವರು ಮುಚ್ಚಿಡಲಿಲ್ಲ, 2018ರಲ್ಲಿ ಹಾಗೇ ಪ್ರಕಟಿಸಿದರು. ಆಮೇಲೆ ಅಲ್ಯೂಮಿನಿಯಂನಿಂದ ಮಾಡಿದ ಮಾಫ್-303 ತಂದರು. ಇದು ಬೇಗ ನೀರು ಹಿಡಿಯುತ್ತದೆ, ಬೇಗ ಬಿಡುತ್ತದೆ. ಸೋಲಾರ್ ಪ್ಯಾನೆಲ್, ಫ್ಯಾನ್, ಹೀಟರ್ ಜೋಡಿಸಿ, ದಿನಕ್ಕೊಂದು ಸಲ ಕಾಯುವ ಬದಲು ನಿಮಿಷಗಳ ಲೆಕ್ಕದಲ್ಲಿ ತುಂಬಿಸಿ ಖಾಲಿ ಮಾಡಿ, ಮತ್ತೆ ತುಂಬಿಸಿ ಖಾಲಿ ಮಾಡಿ ನೋಡಿದರು. 2019ರಲ್ಲಿ ಮೊಹಾವಿ ಮರುಭೂಮಿಯಲ್ಲಿ ಕೆಜಿಗೆ ದಿನಕ್ಕೆ 0.7 ಲೀಟರ್ ಬಂತು. ನೋಡಿ, 100 ಗ್ರಾಮಿನಿಂದ 700ಕ್ಕೆ ಏರಿದ್ದರಲ್ಲಿ ಹೊಸ ಪುಡಿಯ ಪಾಲು ಇದೆ, ಆದರೆ ಬೇಗ ಬೇಗ ಖಾಲಿ ಮಾಡುವುದನ್ನು ಕಲಿತದ್ದು ಅದಕ್ಕಿಂತ ದೊಡ್ಡ ಪಾಲು. ಇದನ್ನು ಬರೆದಿದ್ದರೆ ನಿಮ್ಮ ಲೇಖನ ಇನ್ನೂ ಚೆನ್ನಾಗಿರುತ್ತಿತ್ತು.

ಈಗ 0.7 ಲೀಟರ್ ಇಟ್ಟುಕೊಂಡು ನಮ್ಮೂರಿಗೆ ಲೆಕ್ಕ ಹಾಕಿ. ಐದು ಜನರ ಮನೆಗೆ ಬರೀ ಕುಡಿಯಲು 15 ಲೀಟರ್ ಅಂದರೆ 21 ಕೆಜಿ ಪುಡಿ. ಸಾವಿರ ಜನರ ಊರಿಗೆ ನಾಲ್ಕು ಟನ್ ದಾಟುತ್ತೆ. ಜಲಜೀವನ್ ಮಿಷನ್ ಹೇಳುವ ತಲೆಗೆ 55 ಲೀಟರ್ ಕೊಡಬೇಕಾದರೆ 78 ಟನ್. ಕುಡಿಯಲು, ಅಡುಗೆ, ಸ್ನಾನ, ಬಟ್ಟೆ ಎಲ್ಲ ಸೇರಿ ಅಷ್ಟಾಗುತ್ತದೆ. ಬೆಳೆಯ ಮಾತು ಬಿಡಿ. ಊರಿನ ನೀರಿಗೆ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಒಂದನೇ ಕ್ಲಾಸಿನ ಗುಣಾಕಾರವೇ ಹೇಳುತ್ತದೆ. ಸುತ್ತ ನೂರು ಮೈಲಿ ಒಂದು ಹನಿ ನೀರಿಲ್ಲದ ಮರುಭೂಮಿಯಲ್ಲಿ, ಪ್ರವಾಹ ಬಂದು ಬಾವಿಗಳೆಲ್ಲ ಕೆಟ್ಟ ಕಡೆ, ಎರಡು ಮೂರು ಲೀಟರಿಗೆ ಜೀವ ಉಳಿಯುವ ಕಡೆ ಇದು ಬಂಗಾರ. ಅಂಥ ಕಡೆಗೇ ಮಾಡಿದ್ದು ಅದು.

ನಮ್ಮದು ಮರುಭೂಮಿ ಅಲ್ಲ ಸ್ವಾಮಿ. ಬಯಲುಸೀಮೆ ಅಂದರೂ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತೆ. ಸಾವಿರ ಚದರಡಿ ತಾರಸಿ ಮೇಲೆ ಬೀಳುವ ಮಳೆ 65,000 ಲೀಟರ್. ಅರ್ಧ ಪೋಲಾದರೂ ಬೇಕಾದಷ್ಟು ಉಳಿಯುತ್ತೆ, ಐದು ಜನರ ಮನೆಗೆ ವರ್ಷಕ್ಕೆ ಕುಡಿಯಲು ಬೇಕಾದ್ದು 5500 ಲೀಟರ್. ಅದೂ ಫ್ಲೋರೈಡ್ ಇಲ್ಲದ ನೀರು. ಮೋಡ ತಾನೇ ಗಾಳಿಯಿಂದ ನೀರು ಹಿಂಡಿ ತಾರಸಿಗೆ ತಂದು ಸುರಿದರೆ ನಾವು ಪೈಪ್ ಇಟ್ಟು ಮೋರಿಗೆ ಬಿಡುತ್ತೇವೆ, ಆಮೇಲೆ ಪೇಪರ್ ಹಿಡಿದುಕೊಂಡು ಪುಡಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತೇವೆ. ಇದನ್ನು ನಾನು ಆ ಮೂವರಿಗೂ ಹೇಳಿದೆ, ಒಬ್ಬರಿಗೆ ಸಿಟ್ಟು ಬಂತು.

ಅದೇ ಲೇಖನದ ಪಕ್ಕದ ಬಾಕ್ಸಿನಲ್ಲಿ ಇನ್ನೊಂದು ಪುಡಿಯ ಸುದ್ದಿ ಇತ್ತು, 200 ಗ್ರಾಂ ಪುಡಿ ಒಂದು ಮರಕ್ಕೆ ಸಮ ಅಂತ. ಅದು ಕಾಫ್-999, 2024ರಲ್ಲಿ ಯಾಘಿ ತಂಡದ್ದೇ. ಇದೂ ಮಾಫ್‌ನಂಥದೇ ಸಾರುವೆ, ಆದರೆ ಚೌಕಟ್ಟಿನಲ್ಲಿ ಲೋಹ ಇಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತದೆ, 60 ಡಿಗ್ರಿಗೆ ಕಾಯಿಸಿದರೆ ಬಿಡುತ್ತದೆ. ನೂರು ಸಲ ಹೀಗೆ ಮಾಡಿದರೂ ಪುಡಿ ಸೊರಗಲಿಲ್ಲ. ಸಂಶೋಧಕರ ಅಂದಾಜಿನಂತೆ 200 ಗ್ರಾಂ ವರ್ಷಕ್ಕೆ 20 ಕೆಜಿ ಹಿಡಿಯಬಹುದು. ತನ್ನ ತೂಕದ ನೂರರಷ್ಟು! ಅಂದರೆ ವರ್ಷವಿಡೀ ಹಗಲು ರಾತ್ರಿ ತುಂಬಿಸುತ್ತಾ ಖಾಲಿ ಮಾಡುತ್ತಾ ಇರಬೇಕು. 20 ಕೆಜಿ ಅಂದರೆ ಎಷ್ಟು? ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಬರುತ್ತೆ. ಸ್ಕೂಟರಿನ ಟ್ಯಾಂಕು ಎರಡು ಸಲ ತುಂಬಿಸಿ ಓಡಿಸಿದರೆ ಆ ಒಂದು ವರ್ಷದ ದುಡಿಮೆ ಮುಗಿಯಿತು. ಬಿಡಿಸಿದ ಅನಿಲವನ್ನು ನೆಲದಾಳಕ್ಕೋ ಇನ್ನೆಲ್ಲಿಗೋ ಸೇರಿಸದಿದ್ದರೆ ಮತ್ತೆ ಗಾಳಿಗೇ. ಮತ್ತದೇ ಬಕೆಟ್. ಮರ ಆದರೆ ಹಿಡಿದದ್ದನ್ನು ತೊಲೆ ಮಾಡಿ ನಿಲ್ಲಿಸಿಕೊಳ್ಳುತ್ತದೆ, ನೆರಳನ್ನೂ ಕೊಡುತ್ತದೆ. ಮರ ಕಡಿಯುವವರ ಕೈಗೆ ನಿಮ್ಮ ಆ ಬಾಕ್ಸ್ ಸಿಗದಿರಲಿ.

ಹಾಗಂತ ಇದೆಲ್ಲ ದಂಡ ಅಂತಲ್ಲ. ಹೊಗೆ ದಟ್ಟವಾಗಿ ಬರುವ ಕಡೆಯೇ ಹಿಡಿದರೆ ಲೆಕ್ಕ ಬೇರೆ ಆಗುತ್ತದೆ. ಸಿಮೆಂಟ್ ತಗೊಳ್ಳಿ. ಸುಣ್ಣಕಲ್ಲು ಸುಟ್ಟರೆ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತೆ, ಒಲೆಗೆ ಏನೇ ಉರಿ ಹಾಕಿದರೂ ಅದು ತಪ್ಪುವುದಿಲ್ಲ. ಉರಿಯ ಹೊಗೆಯೂ ಸೇರಿದರೆ ಒಂದು ಟನ್ ಸಿಮೆಂಟಿಗೆ ಅರ್ಧ ಟನ್‌ಗಿಂತ ಜಾಸ್ತಿ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ತಂಡ ಕಾಫ್ ಅಲ್ಲ, ಕ್ಯಾಲ್ಫ್-20 ಅನ್ನುವ ಮಾಫ್ ಮಾಡಿತು. ಸತು, ಟ್ರಯಜೋಲ್, ಆಕ್ಸಲೇಟ್, ಇಷ್ಟೇ ಸಾಮಾನು. ಆಕ್ಸಲೇಟ್ ಅಂದರೆ ಪಾಲಕ್ ಸೊಪ್ಪಿನಲ್ಲಿ ಇರುತ್ತೆ ನೋಡಿ, ಕಿಡ್ನಿ ಸ್ಟೋನ್ ಆದವರಿಗೆ ಡಾಕ್ಟರು ಬೇಡ ಅನ್ನುವ ಅದೇ. ಇದರ ಗೋಡೆ ವಿಸ್ತಾರದಲ್ಲಿ ದಾಖಲೆ ಏನಿಲ್ಲ, ಎಕರೆಗಟ್ಟಲೆ ಇರುವ ಪುಡಿಗಳ ಮುಂದೆ ಇದು ಬಡವ. ಆದರೆ ಬಿಸಿ ಹಬೆಗೆ ಹೆದರುವುದಿಲ್ಲ, ಹಿಡಿದದ್ದನ್ನು ಜಿಪುಣನ ಹಾಗೆ ಬಿಗಿದುಕೊಂಡು ಕೂರುವುದಿಲ್ಲ, ಸ್ವಲ್ಪ ಶಾಖಕ್ಕೇ ಬಿಟ್ಟುಕೊಡುತ್ತದೆ. ಅದಕ್ಕೇ ಲ್ಯಾಬ್ ದಾಟಿ ಕೆನಡಾದ ಒಂದು ಸಿಮೆಂಟ್ ಕಾರ್ಖಾನೆಯ ಚಿಮಣಿಗೆ ಹೋಯಿತು, ಅಲ್ಲಿ ಪರೀಕ್ಷೆಗೆ ಅಂತ ದಿನಕ್ಕೆ ಸುಮಾರು 1 ಟನ್ ಹಿಡಿಯುವ ಘಟಕ ನಡೆಸಿದರು. 1 ಟನ್ ಅಂದರೆ ನಲವತ್ತು ಮೂಟೆಗಿಂತ ಕಡಿಮೆ ಸಿಮೆಂಟಿನ ಪಾಪ, ಅಷ್ಟೇ. ಸೇಡಂ, ವಾಡಿ ಕಡೆಯ ಒಂದು ಕಾರ್ಖಾನೆಯಿಂದ ಲಾರಿಗಳು ಸಾಲುಗಟ್ಟಿ ಹೊರಡುವುದನ್ನು ನೋಡಿದವರಿಗೆ ಅದು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತೆ. ಆದರೆ ಲ್ಯಾಬಿನ ಗ್ರಾಂ ಲೆಕ್ಕದಿಂದ ಟನ್‌ಗೆ ಬಂದದ್ದು ಚಿಕ್ಕ ಮಾತಲ್ಲ.

ನಿಮ್ಮವರು ಬರೆಯದೇ ಬಿಟ್ಟ ಕನ್ನಡನಾಡಿನ ನಂಟು ಇಲ್ಲೇ ಇದೆ. ಕ್ಯಾಲ್ಫ್-20ರ ಕೆಲಸದಲ್ಲಿ ಕೈ ಜೋಡಿಸಿದವರಲ್ಲಿ ಒಬ್ಬರು ರಾಮನಾಥನ್ ವೈದ್ಯನಾಥನ್, ಈಗ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿದ್ದಾರೆ. ಅವರು ಪಿಎಚ್‌.ಡಿ. ಕೆಲಸ ಮಾಡಿದ್ದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಸಿ.ಎನ್.ಆರ್. ರಾವ್ ಅವರ ಬಳಿ. ಆಗ ಅಲ್ಲಿ ಮಾಡುತ್ತಿದ್ದದ್ದೂ ಸತು, ಆಕ್ಸಲೇಟ್ ಸೇರಿಸಿ ಒಳಗೆ ಖಾಲಿ ಇರುವ ಚೌಕಟ್ಟು ಕಟ್ಟುವ ಕೆಲಸವೇ. ಈಗಲೂ ಅಲ್ಲಿ ತಪಸ್ ಕುಮಾರ್ ಮಾಜಿ ಅವರ ಗುಂಪು ಮಾಫ್‌ಗಳ ಮೇಲೆ ಕೆಲಸ ಮಾಡುತ್ತಿದೆ. ಅವರು ನೊಬೆಲ್ ಬಂದ ಕಿತಾಗಾವಾ ಅವರ ಲ್ಯಾಬಿನಲ್ಲಿ ಪಳಗಿದವರು. ನಿಮ್ಮ ಆಫೀಸಿನಿಂದ ಜಕ್ಕೂರಿಗೆ ಬಿಎಂಟಿಸಿ ಬಸ್ ಇದೆ. ಬರ್ಕ್ಲಿಯ ಫೋಟೋ ಹಾಕುವ ಬದಲು ಒಬ್ಬರನ್ನು ಅಲ್ಲಿಗೆ ಕಳಿಸಬಹುದಿತ್ತು, ಅಲ್ವಾ?

ಇನ್ನೊಂದು ವಿಷಯ. ಯಾವ ತೂತಿಗೆ ಯಾವ ನೆಂಟ ಅನ್ನುವುದು ಗೊತ್ತಿಲ್ಲದೆ ಜನ ಮೋಸ ಹೋಗುತ್ತಾರೆ. ಹೋದ ಬೇಸಿಗೆಯಲ್ಲಿ ನಮ್ಮ ಸಂತೆಗೆ ಒಬ್ಬ ಫಿಲ್ಟರ್ ಮಾರುವವನು ಬಂದಿದ್ದ. ಒಂದು ಜಗ್ ನೀರಿಗೆ ನೀಲಿ ಇಂಕು ಹಾಕಿ ಕಲಸಿ, ತನ್ನ ಡಬ್ಬಿಯ ಮೇಲೆ ಸುರಿದ. ಕೆಳಗೆ ತಿಳಿನೀರು ಬಂತು. ಜನ ಆಹಾ ಅಂದರು. ಹತ್ತು ಡಬ್ಬಿ ಅಲ್ಲೇ ಖರ್ಚಾಯಿತು. ಒಳಗೆ ಇದ್ದದ್ದು ಚಿಪ್ಪಿನ ಇದ್ದಿಲು. ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುತ್ತಾರೆ, ಅದನ್ನು ಕೆಂಪಗೆ ಕಾಯಿಸಿ ಹಬೆ ಹಾಯಿಸಿದರೆ ತೂತು ತೂತಾಗಿ ಆಕ್ಟಿವೇಟೆಡ್ ಕಾರ್ಬನ್ ಆಗುತ್ತೆ. ಬಣ್ಣ, ವಾಸನೆ, ಕ್ಲೋರಿನ್, ಕೆಲವು ಕೀಟನಾಶಕ, ಇವನ್ನೆಲ್ಲ ಚೆನ್ನಾಗಿ ಹಿಡಿಯುತ್ತೆ. ಒಳ್ಳೆಯ ವಸ್ತು, ಅಗ್ಗದ್ದು, ನಮ್ಮದೇ. ಆದರೆ ಫ್ಲೋರೈಡ್‌ಗೂ ಅದಕ್ಕೂ ಆಗಿಬರುವುದಿಲ್ಲ. ನಾನು ಜೇಬಿನಲ್ಲಿ ಕಿಟ್ ಇಟ್ಟುಕೊಂಡೇ ಸಂತೆಗೆ ಹೋಗುವ ಹುಚ್ಚ. ಅವನ ಡಬ್ಬಿಗೆ ನಮ್ಮೂರಿನ ನೀರು ಹಾಕಿಸಿ ಟೆಸ್ಟ್ ಮಾಡಿದೆ. ಸುರಿಯುವ ಮುಂಚೆ ಹಳದಿ, ಸುರಿದ ಮೇಲೂ ಹಳದಿ. "ಸಾರ್, ನೀವು ಕೆಮಿಕಲ್ ಹಾಕಿ ಬಣ್ಣ ಬರಿಸುತ್ತಿದ್ದೀರಿ" ಅಂದ! ಜನರೂ ಅವನ ಕಡೆಗೇ ನಿಂತರು.

ಮಾಫ್ ಕತೆಯೂ ಇದೇ. ಹೆಸರುವಾಸಿ ಮಾಫ್-5 ತೇವದ ಗಾಳಿಯಲ್ಲಿ ಮಳೆಗಾಲದ ಹಪ್ಪಳದ ಹಾಗೆ ಕೆಡುತ್ತದೆ, ಅದರ ಸಾರುವೆಯೇ ಕುಸಿಯುತ್ತದೆ. ಜಿರ್ಕೋನಿಯಂ ಗಂಟು ಹಾಕಿದ ಕೆಲವು ಜಾತಿಗಳು ನೀರಲ್ಲೇ ಗಟ್ಟಿ ನಿಲ್ಲುತ್ತವೆ. ಎಲ್ಲವನ್ನೂ ಒಂದೇ ಹೆಸರಲ್ಲಿ ಕೂಗಿದರೆ ರಾಗಿ, ಭತ್ತ, ಹುರುಳಿ ಎಲ್ಲ ಒಂದೇ ಕಾಳು ಅಂದ ಹಾಗೆ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಮುಂದೆ ಇಂಥ ಸುದ್ದಿ ಬಂದಾಗ ನಿಮ್ಮ ವರದಿಗಾರರು ಸಂಶೋಧಕರನ್ನು ಖಾಲಿ ಮಾಡೋದು ಹೇಗೆ ಅಂತ ಒಂದು ಮಾತು ಕೇಳಲಿ. ಉತ್ತರ ಬರೀ ಲ್ಯಾಬಿನದ್ದಾ, ಹೊರಗಿನ ಗಾಳಿಯಲ್ಲಿ ನೋಡಿದ್ದಾ ಅಂತಲೂ ಕೇಳಲಿ. ಒಳ್ಳೆಯ ಸಂಶೋಧಕರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರು ತಲೆ ಕೆಡಿಸಿಕೊಂಡಿರುವುದೇ ಅದಕ್ಕೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಮೂರನೇ ಹಂತ ಬೇಕು ಅಂತ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ನಾಳೆ ಆ ಮೂರನೇ ಹಂತಕ್ಕೆ ಕಾರ್ಬನ್ ಹಾಕಲಿ, ಇನ್ನೇನೇ ಹಾಕಲಿ, ತುಂಬಿದ ಕಾರ್ಬನ್ ಯಾರ ಊರಿನ ಹಿಂದೆ ಬೀಳುತ್ತೆ ಅಂತ ಟೆಂಡರ್ ದಿನವೇ ಕೇಳಿ.

ಆ ಹಸಿರು ಸಿಲಿಂಡರ್ ದೇವಸ್ಥಾನದ ಪಕ್ಕ ಈಗಲೂ ನಿಂತಿದೆ. ಅದಕ್ಕೆ ಒಂದು ಕರು ಕಟ್ಟಿರುತ್ತಾರೆ. ಮುಚ್ಚಳದ ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ. ನಿಮ್ಮವರು ಯಾರಾದರೂ ಬಂದರೆ ತೆಗೆದು ತೋರಿಸುತ್ತೇನೆ, ಕಿಟ್ಟನ್ನೂ ತರುತ್ತೇನೆ. ಮಧ್ಯಾಹ್ನ ಬರಲಿ, ಸಂಜೆ ಐದರ ಮೇಲೆ ವಾಪಸ್ ಬಸ್ ಇಲ್ಲ.

ಇಂತಿ ನಿಮ್ಮ ಹಳೆಯ ಓದುಗ,
ಒಬ್ಬ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು
ಚಿಂತಾಮಣಿ ತಾಲ್ಲೂಕು

ತಾ.ಕ.: ಲೇಖನದ ಎರಡನೇ ಕಾಲಂನಲ್ಲಿ 'ಮಾಫ್ ಎಂಬ ಹೊಸ ಲೋಹ' ಅಂತ ಇದೆ. ಲೋಹ ಅಲ್ಲ. ಗಂಟಿನಲ್ಲಿ ಮಾತ್ರ ಲೋಹ. ಒಂದು ತಿದ್ದುಪಡಿ ಹಾಕಿಬಿಡಿ, ಹುಡುಗರು ಪರೀಕ್ಷೆಯಲ್ಲಿ ಹಾಗೇ ಬರೆದಾರು.